ಕಚೇರಿಯ ಉಡುಪು: ಒಂದು ಔಚಿತ್ಯವಿಚಾರ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯೊಂದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಣ್ಣುವುದು ತನ್ನ ನಾಲಗೆಗೆ ಹಿಡಿಸಿದರೆ ಸಾಕು. ಉಡುವುದಾದರೋ ನೋಡುವವರ ಕಣ್ಣಿಗೂ ಒಪ್ಪಬೇಕೆಂಬುದು ಅದರ ತಾತ್ಪರ್ಯ. ಗಾದೆಯ ಮಾತು ಸರಳವಾಗಿ ತೋರಿದರೂ ಅದರೊಳಗೆ ಒಂದು ಪ್ರಶ್ನೆ ಅಡಗಿರುವುದು. ಆ 'ಪರರು' ಎಂದರೆ ಯಾರು? ಮನೆಯಲ್ಲಿ ಮನೆಯವರು, ಮದುವೆಯಲ್ಲಿ ಬೀಗರು, ದೇವಾಲಯದಲ್ಲಿ ದೇವರು ಎಂದು ಉತ್ತರ ಹೇಳಬಹುದು. ಕಚೇರಿಯಲ್ಲಿ ಯಾರು? ಮೇಲಧಿಕಾರಿಯೇ, ಜೊತೆಯಲ್ಲಿ ಕುಳಿತು ಕೆಲಸಮಾಡುವವನೇ, ಅಥವಾ ಅರ್ಜಿಯನ್ನು ಕೈಯಲ್ಲಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕಾದಿರುವ ರೈತನೇ? ಕಚೇರಿಗೆ ತಕ್ಕ ಉಡುಪು ಯಾವುದೆಂಬ ವಿಚಾರವೆಲ್ಲವೂ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ.

ಇಷ್ಟು ಸಣ್ಣ ಸಂಗತಿಗೆ ಧರ್ಮಾಧರ್ಮಗಳ ಚರ್ಚೆಯೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಸರ್ಕಾರಗಳು ಇದನ್ನು ಸಣ್ಣದೆಂದು ಬಗೆದಂತೆ ಕಾಣುವುದಿಲ್ಲ. ೨೦೧೯ರಲ್ಲಿ ತಮಿಳುನಾಡು ಸರ್ಕಾರವು ತನ್ನ ಸಚಿವಾಲಯದ ನೌಕರರು ಏನನ್ನು ಉಡಬೇಕೆಂದು ಆಜ್ಞೆ ಹೊರಡಿಸಿತು. ಗಂಡಸರಿಗೆ ಷರ್ಟು ಷರಾಯಿಗಳ ಜೊತೆಗೆ ವೇಷ್ಟಿಯನ್ನೂ, ಹೆಂಗಸರಿಗೆ ಸೀರೆಯ ಜೊತೆಗೆ ಸಲ್ವಾರ್ ಕಮೀಜು, ಚೂಡಿದಾರಗಳನ್ನೂ ಅದು ಒಪ್ಪಿತು. ೨೦೨೦ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರವು ಜೀನ್ಸನ್ನೂ ಟೀಷರ್ಟನ್ನೂ ಕಚೇರಿಗಳಿಂದ ಹೊರಗಿರಿಸಿ, ವಾರಕ್ಕೊಮ್ಮೆಯಾದರೂ ಖಾದಿಯನ್ನು ತೊಡಬೇಕೆಂದು ಸೂಚಿಸಿತು. ಮರುವರ್ಷ ಕೇಂದ್ರ ತನಿಖಾ ದಳದಲ್ಲಿಯೂ ಅಂತಹುದೇ ಆಜ್ಞೆ ಹೊರಟಿತು. ರಾಜ್ಯಭಾರದ ನೂರು ಚಿಂತೆಗಳ ನಡುವೆ ಅಂಗಿಯ ಚಿಂತೆಗೂ ಎಡೆ ದೊರೆತಿರುವಾಗ, ಆ ಆಜ್ಞೆಗಳ ಹಿಂದಿರುವ ನ್ಯಾಯವೇನೆಂದು ಕೇಳುವುದು ಅಕಾಲಿಕವಾಗಲಾರದು.

ಕಚೇರಿಯೆಂಬುದು ಮನೆಯಂತಲ್ಲ, ಬೀದಿಯಂತೆಯೂ ಅಲ್ಲ. ಮನೆಯಲ್ಲಿ ಮನುಷ್ಯನು ತಾನು ತಾನಾಗಿಯೇ ಇರುವನು. ಬೀದಿಯಲ್ಲಿ ಅವನು ಹತ್ತರಲ್ಲಿ ಒಬ್ಬನು. ಕಚೇರಿಯಲ್ಲಾದರೋ ಅವನು ಒಂದು ಸ್ಥಾನದಲ್ಲಿ ಕುಳಿತಿರುವನು. ಆ ಸ್ಥಾನದಲ್ಲಿ ಅವನಿಗಿಂತ ಮೊದಲು ಮತ್ತೊಬ್ಬನಿದ್ದನು. ಅವನ ತರುವಾಯ ಇನ್ನೊಬ್ಬನು ಬರುವನು. ಅವನ ಕೈಯಲ್ಲಿರುವ ಲೇಖನಿಯ ಬಲವು ಅವನ ಸ್ವಂತದ್ದಲ್ಲ. ಪಹಣಿಯಲ್ಲಿ ಒಂದು ಹೆಸರನ್ನು ಬರೆಯುವುದಕ್ಕೂ ಬಿಡುವುದಕ್ಕೂ ಅವನಿಗೆ ಇರುವ ಅಧಿಕಾರವನ್ನು ಜನರು ಒಂದು ವ್ಯವಸ್ಥೆಯ ಮೂಲಕ ಅವನಿಗೆ ಕೊಟ್ಟಿರುವರು. ಆದಕಾರಣ, 'ನನ್ನ ಮೈ, ನನ್ನ ಬಟ್ಟೆ' ಎಂಬ ಮಾತು ಮನೆಯಲ್ಲಿ ಸಲ್ಲುವಷ್ಟು ಕಚೇರಿಯಲ್ಲಿ ಸಲ್ಲಲಾರದು. ಅದೇ ಕಾರಣದಿಂದ, 'ನನ್ನ ಕಚೇರಿ, ನನ್ನ ಅಪ್ಪಣೆ' ಎಂಬ ಮೇಲಧಿಕಾರಿಯ ಮಾತೂ ಸಲ್ಲಲಾರದು. ಕಚೇರಿಯು ಅವನದೂ ಅಲ್ಲ.

ಈ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳುಂಟು. ಕೆಲಸ ಚೆನ್ನಾಗಿ ನಡೆದರೆ ಸಾಕು, ಬಟ್ಟೆ ಹೇಗಿದ್ದರೇನು ಎಂಬುದು ಮೊದಲನೆಯ ಪಕ್ಷ. ಲೆಕ್ಕವನ್ನು ತಪ್ಪಿಲ್ಲದೆ ಬರೆಯುವ ಗುಮಾಸ್ತನು ಕೋಟು ತೊಟ್ಟರೂ ಜುಬ್ಬ ತೊಟ್ಟರೂ ಲೆಕ್ಕ ಒಂದೇ. ಲಂಚ ತಿನ್ನುವವನ ಇಸ್ತ್ರಿಯ ಮಡಿಕೆಗಳಿಂದ ಯಾರಿಗೂ ಉಪಕಾರವಾಗದು. ಆದ್ದರಿಂದ ಉಡುಪಿನ ನಿಯಮಗಳೆಲ್ಲವೂ ವ್ಯರ್ಥವೆಂದು ಈ ಪಕ್ಷದವರು ಹೇಳುವರು. ಇದರಲ್ಲಿ ಸತ್ಯಾಂಶವಿದೆಯೆಂಬಲ್ಲಿ ಸಂದೇಹವಿಲ್ಲ. ಆದರೆ ಇದು ಕಚೇರಿಯ ಕೆಲಸವನ್ನು ಕಾಗದದ ಮೇಲಣ ಕೆಲಸವೆಂದು ಮಾತ್ರ ಎಣಿಸುವುದು. ಎದುರಿಗೆ ಬಂದವನಿಗೆ ತನ್ನ ಮಾತು ಕೇಳಲ್ಪಡುತ್ತಿದೆಯೆಂಬ ನಂಬಿಕೆ ಹುಟ್ಟಿಸುವುದೂ ಕಚೇರಿಯ ಕೆಲಸವೇ. ಗಂಡನನ್ನು ಕಳೆದುಕೊಂಡು ಪಿಂಚಣಿಯ ಕಾಗದಕ್ಕಾಗಿ ಬಂದ ಹೆಂಗಸಿನ ಮುಂದೆ, ವಿಹಾರದಿಂದ ಈಗತಾನೆ ಹಿಂದಿರುಗಿದಂತೆ ವೇಷ ಧರಿಸಿ ಕುಳಿತವನು, ಬಾಯಿಯಿಂದ ಏನೂ ಆಡದೆಯೇ ಅವಳಿಗೆ ಏನನ್ನೋ ಹೇಳಿದಂತಾಗುವುದು.

ಎರಡನೆಯ ಪಕ್ಷವು ಇದಕ್ಕೆ ವಿರುದ್ಧವಾದದ್ದು. ಉಡುಪಿನಿಂದಲೇ ಕಚೇರಿಯ ಗೌರವ, ಗೌರವದಿಂದಲೇ ಶಿಸ್ತು, ಶಿಸ್ತಿನಿಂದಲೇ ಕೆಲಸ ಎಂದು ಇದರ ವಾದ. ಹಿಂದಿನ ಮೈಸೂರು ಸಂಸ್ಥಾನದ ಅಧಿಕಾರಿಗಳ ಚಿತ್ರಗಳನ್ನು ಈ ಪಕ್ಷದವರು ಉದಾಹರಿಸುವುದುಂಟು. ಕತ್ತಿನವರೆಗೆ ಗುಂಡಿಯಿಟ್ಟ ಉದ್ದನೆಯ ಕೋಟು, ಹೆಗಲ ಮೇಲೆ ಅಂಗವಸ್ತ್ರ, ತಲೆಯ ಮೇಲೆ ಜರಿಯಂಚಿನ ಪೇಟ, ಕೆಳಗೆ ಕಚ್ಚೆಪಂಚೆ ಅಥವಾ ಷರಾಯಿ. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪೇಟವೂ ಕೋಟೂ ಕನ್ನಡಿಗರೆಲ್ಲರ ಕಣ್ಣಿಗೆ ಕಟ್ಟಿದಂತಿವೆ. ಆ ಉಡುಪಿನಲ್ಲಿ ಒಂದು ಘನತೆಯಿದ್ದುದು ದಿಟ. ಆದರೆ ವಿಶ್ವೇಶ್ವರಯ್ಯನವರ ಘನತೆ ಪೇಟದಿಂದ ಬಂದುದೇ ಎಂದು ಕೇಳಿದರೆ, ಕನ್ನಂಬಾಡಿಯ ಕಟ್ಟೆಯನ್ನು ಕಂಡವರಾರೂ ಹೌದೆನ್ನಲಾರರು. ಅದೇ ಪೇಟವನ್ನು ಧರಿಸಿ ಬಡವರ ಅರ್ಜಿಗಳನ್ನು ಕಡತದಲ್ಲಿ ಕೊಳೆಯಿಸಿದವರೂ ಇದ್ದಿರಬೇಕು. ಅವರ ಚಿತ್ರಗಳನ್ನು ಯಾರೂ ಗೋಡೆಗೆ ತೂಗುಹಾಕಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಚಿತ್ರಗಳಿಂದ ಕಲಿಯಬೇಕಾದ ಪಾಠ ಬೇರೊಂದಿದೆ. ಮೇಲೆ ಪಾಶ್ಚಾತ್ಯರ ಕೋಟು, ಕೆಳಗೆ ದೇಶದ ಪಂಚೆ. ಈ ಬೆರಕೆಯನ್ನು ಅಂದಿನವರು ನಗೆಗೀಡೆಂದು ಭಾವಿಸಲಿಲ್ಲ. ಇಂದು 'ಭಾರತೀಯ ಉಡುಪು', 'ವಿದೇಶೀಯ ಉಡುಪು' ಎಂದು ಎರಡು ಗುಂಪು ಮಾಡಿ, ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಸಭ್ಯವೆಂದೂ ವಾದಿಸುವವರು, ಸಭ್ಯತೆಯ ರೂಪವು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿರುವುದನ್ನು ಮರೆಯುವರು. ಇಂದು ಬಹುತೇಕ ಎಲ್ಲ ಕಚೇರಿಗಳಲ್ಲಿಯೂ ಗಂಡಸರು ಬರಿದಲೆಯವರೇ. ನೂರು ವರ್ಷಗಳ ಹಿಂದೆ ಬರಿದಲೆಯಲ್ಲಿ ಹುಜೂರಿಗೆ ಹೋಗುವುದು ಅನುಚಿತವಾಗಿದ್ದಿತು. ತಲೆಯ ಮೇಲಿನ ಬಟ್ಟೆ ಹೋದುದರಿಂದ ಕಚೇರಿಯ ಮಾನ ಹೋಯಿತೆಂದು ಇಂದು ಯಾರೂ ಕೊರಗುವುದಿಲ್ಲ.

ಇಂಗ್ಲಿಷರ ಪದ್ಧತಿಯಲ್ಲಿ ಹಿರಿಯರ ಮುಂದೆ ಟೊಪ್ಪಿಗೆಯನ್ನು ತೆಗೆಯುವುದು ಮರ್ಯಾದೆ, ಪಾದರಕ್ಷೆಯ ಗೊಡವೆಯಿಲ್ಲ. ಭಾರತೀಯರ ಪದ್ಧತಿಯಲ್ಲಿ ಪಾದರಕ್ಷೆಯನ್ನು ಕಳೆಯುವುದು ಮರ್ಯಾದೆ; ರುಮಾಲನ್ನು ತೆಗೆಯುವುದು ಅಪಮಾನ. ಒಬ್ಬರ ವಿನಯವು ಇನ್ನೊಬ್ಬರಿಗೆ ಉದ್ಧಟತನವಾಗಿ ಕಾಣುವುದು. ಹಾಗಾದರೆ ಮರ್ಯಾದೆಯೆಂಬುದೇ ಹುಸಿಯೇ? ಅಲ್ಲ. ಶಬ್ದಗಳು ಭಾಷೆಯಿಂದ ಭಾಷೆಗೆ ಬೇರೆಯಾದರೂ ಅರ್ಥವು ಹುಸಿಯಾಗದಂತೆ, ಸಂಕೇತಗಳು ಬೇರೆಯಾದರೂ ಅವುಗಳಿಂದ ಸೂಚಿತವಾಗುವ ಆದರವು ನಿಜವೇ. ಆದರೆ ತನ್ನ ಭಾಷೆಯ ಶಬ್ದವೊಂದೇ ಶಬ್ದವೆಂದು ಹಟಹಿಡಿಯುವವನು ಎಂತು ಅವಿವೇಕಿಯೋ, ತನ್ನ ಸಂಕೇತವೊಂದೇ ಮರ್ಯಾದೆಯೆಂದು ಹಟಹಿಡಿಯುವ ಅಧಿಕಾರಿಯೂ ಅಂತೆಯೇ ಅವಿವೇಕಿ.

ಈ ಸಂದರ್ಭದಲ್ಲಿ ಮಹಾತ್ಮ ಗಾಂಧಿಯವರ ಜೀವನದ ಎರಡು ಘಟನೆಗಳನ್ನು ಜೊತೆಯಾಗಿಟ್ಟು ನೋಡತಕ್ಕದ್ದಾಗಿದೆ. ೧೮೯೩ರಲ್ಲಿ ಡರ್ಬನ್ ನಗರದ ನ್ಯಾಯಸ್ಥಾನದಲ್ಲಿ ಮ್ಯಾಜಿಸ್ಟ್ರೇಟನು ಅವರಿಗೆ ರುಮಾಲನ್ನು ತೆಗೆಯುವಂತೆ ಹೇಳಿದನು. ಅವರು ಒಪ್ಪದೆ ನ್ಯಾಯಸ್ಥಾನವನ್ನೇ ಬಿಟ್ಟು ಹೊರಟುಹೋದರು. ಮರುವರ್ಷ ನೇಟಾಲಿನ ಶ್ರೇಷ್ಠ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣವಚನ ಸ್ವೀಕರಿಸಿದಾಗ, ವಕೀಲರ ಉಡುಪಿನ ಪದ್ಧತಿಗೆ ಅನುಸಾರವಾಗಿ ರುಮಾಲನ್ನು ತೆಗೆಯಬೇಕೆಂದು ಮುಖ್ಯ ನ್ಯಾಯಾಧೀಶನು ಹೇಳಲು, ಅವರು ತೆಗೆದರು. ಸ್ನೇಹಿತರಿಗೆ ಇದು ರುಚಿಸಲಿಲ್ಲ. ಮೊದಲು ನಿರಾಕರಿಸಿದವರು ಈಗ ಮಣಿದುದೇಕೆ? ಮೊದಲನೆಯ ಸಲ ಅವರನ್ನು ಭಾರತೀಯರೆಂಬ ಕಾರಣಕ್ಕೆ ಕೆಳಗಿಡುವುದಕ್ಕಾಗಿ ರುಮಾಲನ್ನು ತೆಗೆಯಿಸಹೊರಟಿದ್ದರು. ಎರಡನೆಯ ಸಲ, ಅವರು ತಾವೇ ಬಯಸಿ ಸೇರಿದ ವೃತ್ತಿಯ ಎಲ್ಲರಿಗೂ ಸಮಾನವಾದ ಒಂದು ನಿಯಮವು ಅವರ ಮುಂದಿದ್ದಿತು. ತಮ್ಮ ಶಕ್ತಿಯನ್ನು ಇದಕ್ಕಿಂತ ದೊಡ್ಡ ಹೋರಾಟಗಳಿಗಾಗಿ ಉಳಿಸಿಕೊಳ್ಳಬೇಕೆಂದೂ ಅವರು ನಿಶ್ಚಯಿಸಿದ್ದರು. ರುಮಾಲು ಒಂದೇ, ತೆಗೆಯುವ ಕ್ರಿಯೆಯೂ ಒಂದೇ. ಆದರೂ ಒಂದೆಡೆ ನಿರಾಕರಣೆಯೂ ಇನ್ನೊಂದೆಡೆ ಸಮ್ಮತಿಯೂ ಧರ್ಮವೆನಿಸಬಹುದೆಂಬುದು ಇದರಿಂದ ತಿಳಿಯುವುದು.

ಉಡುಪಿನ ನಿಯಮಗಳು ಎಂತಹ ಕ್ರೌರ್ಯಕ್ಕೆ ಇಳಿಯಬಲ್ಲವೆಂಬುದಕ್ಕೆ ತಿರುವಾಂಕೂರಿನ ಚರಿತ್ರೆ ಸಾಕ್ಷಿ. ಅಲ್ಲಿ ನಾಡಾರ್ ಮೊದಲಾದ ಜಾತಿಗಳ ಹೆಂಗಸರು ಎದೆಯನ್ನು ಮುಚ್ಚಿಕೊಳ್ಳಬಾರದೆಂಬ ಕಟ್ಟಳೆಯಿದ್ದಿತು. ಮುಚ್ಚಿಕೊಂಡವರ ಮೇಲೆ ಬೀದಿಗಳಲ್ಲಿ ಬಲಾತ್ಕಾರ ನಡೆಯಿತು. ಹಲವು ವರ್ಷಗಳ ಕಲಹದ ನಂತರ ೧೮೫೯ರಲ್ಲಿ ಮಹಾರಾಜನು ನಾಡಾರ್ ಹೆಂಗಸರು ಮೈ ಮುಚ್ಚಿಕೊಳ್ಳಬಹುದೆಂದು ಘೋಷಣೆ ಹೊರಡಿಸಿದನು. ಆದರೆ ಮೇಲುಜಾತಿಯ ಹೆಂಗಸರು ಹೊದೆಯುವ ರೀತಿಯಲ್ಲಿ ಹೊದೆಯಕೂಡದೆಂಬ ನಿರ್ಬಂಧವನ್ನು ಉಳಿಸಿಯೇ ಉಳಿಸಿದನು. ಆ ನಿರ್ಬಂಧದ ಪದಗಳಲ್ಲಿ ಉಡುಪಿನ ರಾಜಕಾರಣವೆಲ್ಲವೂ ಅಡಕವಾಗಿದೆ. ಲಜ್ಜೆಯ ರಕ್ಷಣೆ ಆ ನಿಯಮದ ಉದ್ದೇಶವಾಗಿರಲಿಲ್ಲ. ಯಾರು ಮೇಲು, ಯಾರು ಕೀಳು ಎಂಬುದು ದೂರದಿಂದಲೇ ಕಾಣುತ್ತಿರಬೇಕೆಂಬುದೇ ಉದ್ದೇಶವಾಗಿದ್ದಿತು.

ಇದನ್ನು ನೆನೆದಾಗ, ಭಾರತದ ಇಬ್ಬರು ಮಹಾಪುರುಷರು ಉಡುಪಿನ ವಿಷಯದಲ್ಲಿ ಎದುರುಬದುರಾದ ದಾರಿಗಳನ್ನು ಹಿಡಿದುದರ ಮರ್ಮ ತಿಳಿಯುವುದು. ೧೯೨೧ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧಿಯವರು ಅಂಗಿ ಟೊಪ್ಪಿಗೆಗಳನ್ನು ತ್ಯಜಿಸಿ ತುಂಡುಪಂಚೆಯನ್ನು ಉಟ್ಟರು; ೧೯೩೧ರಲ್ಲಿ ಲಂಡನ್ನಿನ ಅರಮನೆಗೂ ಅದೇ ವೇಷದಲ್ಲಿ ಹೋದರು. ಡಾಕ್ಟರ್ ಅಂಬೇಡ್ಕರರಾದರೋ ಸೂಟು ಬೂಟುಗಳನ್ನು ಅಚ್ಚುಕಟ್ಟಾಗಿ ಧರಿಸಿದರು. ೧೯೨೭ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಸೇರಿದ್ದ ದಲಿತ ಹೆಂಗಸರಿಗೆ, ಮೇಲುಜಾತಿಯವರಂತೆಯೇ ಸೀರೆಯನ್ನು ಪೂರ್ಣವಾಗಿ ಉಡಿರೆಂದು ಬೋಧಿಸಿದರು. ಬಟ್ಟೆಯುಳ್ಳವರ ಮನೆಯಲ್ಲಿ ಹುಟ್ಟಿದವರು ಬಟ್ಟೆಯಿಲ್ಲದವರ ಸಮೀಪಕ್ಕೆ ಬರುವುದಕ್ಕಾಗಿ ಬಟ್ಟೆಯನ್ನು ಬಿಟ್ಟರು. ಬಟ್ಟೆಯ ಹಕ್ಕನ್ನೇ ಕಳೆದುಕೊಂಡಿದ್ದ ಜನರಿಂದ ಬಂದವರು, ಆ ಜನರು ತಲೆಯೆತ್ತುವುದಕ್ಕಾಗಿ ಬಟ್ಟೆಯನ್ನು ತೊಟ್ಟರು. ಇಬ್ಬರೂ ಕೇಳಿಕೊಂಡ ಪ್ರಶ್ನೆ ಒಂದೇ: ಈ ಉಡುಪಿನಿಂದ ಕೆಳಗಿರುವವನು ಮೇಲೇಳುವನೇ? ಕಚೇರಿಯ ಉಡುಪಿಗೂ ಇದೇ ಮೊದಲನೆಯ ಒರೆಗಲ್ಲಾಗಬೇಕು.

ಈ ಒರೆಗಲ್ಲಿಗೆ ತಿಕ್ಕಿದಾಗ ಇತ್ತೀಚಿನ ಕೆಲವು ಘಟನೆಗಳ ಬಣ್ಣ ಹೊರಬೀಳುವುದು. ೨೦೧೪ರಲ್ಲಿ ಚೆನ್ನೈ ನಗರದ ಒಂದು ಕ್ಲಬ್ಬಿನಲ್ಲಿ, ವೇಷ್ಟಿಯುಟ್ಟು ಬಂದ ಉಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನೇ ಬಾಗಿಲಲ್ಲಿ ತಡೆದರು. ಅದೇ ವರ್ಷ ತಮಿಳುನಾಡಿನ ಶಾಸನಸಭೆಯು ಅಂತಹ ತಡೆಯನ್ನು ನಿಷೇಧಿಸಿ ಕಾನೂನು ಮಾಡಿತು. ೨೦೨೪ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣವೊಂದರಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ರೈತನೊಬ್ಬನನ್ನು, ಬಟ್ಟೆ ಕೊಳೆಯಾಗಿದೆಯೆಂಬ ಕಾರಣಕ್ಕೆ ಕಾವಲಿನವರು ಒಳಗೆ ಬಿಡಲಿಲ್ಲ. ಜೊತೆಯ ಪ್ರಯಾಣಿಕರು ಪ್ರತಿಭಟಿಸಿದರು. ತಡೆದವನು ಕೆಲಸ ಕಳೆದುಕೊಂಡನು. ಅದೇ ವರ್ಷದ ಜುಲೈಯಲ್ಲಿ ಅದೇ ನಗರದ ದೊಡ್ಡ ಮಳಿಗೆಯೊಂದು ಪಂಚೆಯುಟ್ಟ ವೃದ್ಧರೊಬ್ಬರಿಗೆ ಪ್ರವೇಶ ನಿರಾಕರಿಸಿತು. ಸರ್ಕಾರವು ಆ ಮಳಿಗೆಯನ್ನು ಏಳು ದಿನ ಮುಚ್ಚಿಸಬೇಕಾಯಿತು. ತಡೆದವರು ದುಷ್ಟರೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಆ ಕಾವಲುಗಾರರೂ ಬಡವರ ಮಕ್ಕಳೇ. ಒಳಗೆ ಇರುವವರಿಗಾಗಿ ಮಾಡಿದ ಉಡುಪಿನ ಕಲ್ಪನೆಯು ಮೆಲ್ಲಮೆಲ್ಲನೆ ಹೊರಗಿನಿಂದ ಬರುವವರ ಮೇಲೂ ಹಬ್ಬಿ, ಕೊನೆಗೆ ಬಾಗಿಲು ಕಾಯುವವನ ಕಣ್ಣಿನಲ್ಲಿ ನೆಲೆಸಿಬಿಡುವುದು. ನೌಕರನಿಗೆ ನಿಯಮ ಮಾಡುವವರು, ಅದು ಅರ್ಜಿದಾರನಿಗೆ ಎಂದಿಗೂ ಅನ್ವಯಿಸದೆಂಬುದನ್ನು ಅದೇ ಆಜ್ಞೆಯಲ್ಲಿ ಬರೆದಿಡುವುದು ಲೇಸು.

ಎರಡನೆಯ ಒರೆಗಲ್ಲು ಕೆಲಸವೇ. ಉಡುಪು ಕೆಲಸಕ್ಕೆ ಸಹಾಯಕವಾಗಿರಬೇಕಲ್ಲದೆ ಕೆಲಸವು ಉಡುಪಿಗೆ ದಾಸನಾಗಬಾರದು. ವೈದ್ಯನ ಉದ್ದತೋಳಿನ ಬಿಳಿಯ ಕೋಟು ಬಹುಕಾಲ ಶುಚಿತ್ವದ ಗುರುತಾಗಿದ್ದಿತು. ಆದರೆ ೨೦೦೭ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಿಗೆ ಹೊಸ ನಿಯಮ ಬಂದಿತು: ರೋಗಿಯನ್ನು ಮುಟ್ಟುವವರ ಮೊಣಕೈಯಿಂದ ಕೆಳಗೆ ಬಟ್ಟೆ, ಗಡಿಯಾರಗಳು ಇರಕೂಡದು, ಟೈಯೂ ಬೇಡ. ತೋಳಿನ ತುದಿ ರೋಗಿಯಿಂದ ರೋಗಿಗೆ ಸೋಂಕನ್ನು ಒಯ್ಯಬಹುದೆಂಬುದೂ, ಕೈಯನ್ನು ಚೆನ್ನಾಗಿ ತೊಳೆಯುವುದಕ್ಕೆ ಅಡ್ಡಿಯೆಂಬುದೂ ಅದಕ್ಕೆ ಕಾರಣ. ಜಪಾನಿನಲ್ಲಿ ೨೦೦೫ರಿಂದ ಬೇಸಗೆಯಲ್ಲಿ ಕಚೇರಿಗಳ ಶೀತಯಂತ್ರಗಳನ್ನು ೨೮ ಡಿಗ್ರಿಗೆ ಇಟ್ಟು, ಕೋಟು ಟೈಗಳಿಲ್ಲದೆ ಬರುವಂತೆ ಸರ್ಕಾರವೇ ನೌಕರರನ್ನು ಪ್ರೋತ್ಸಾಹಿಸಿತು. ಕೋಟು ತೊಟ್ಟವರಿಗಾಗಿ ಕೋಣೆಯನ್ನು ತಣಿಸುವುದು, ಕೋಣೆ ತಣ್ಣಗಿರುವುದೆಂದು ಕೋಟು ತೊಡುವುದು; ಈ ಚಕ್ರದಲ್ಲಿ ವಿದ್ಯುಚ್ಛಕ್ತಿ ಹಾಳಾಗುವುದನ್ನು ಅವರು ಕಂಡರು.

ಭಾರತದ ವಕೀಲರ ಕರಿಯ ಕೋಟನ್ನೂ ಈ ದೃಷ್ಟಿಯಿಂದ ನೋಡಬಹುದು. ಶೀತದೇಶದಿಂದ ಬಂದ ಆ ಉಡುಪು ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಎಷ್ಟು ಸುಖಕರವೆಂಬುದನ್ನು ಹೇಳಬೇಕಾಗಿಲ್ಲ. ಸರ್ವೋಚ್ಚ ಹಾಗೂ ಉಚ್ಚ ನ್ಯಾಯಾಲಯಗಳನ್ನು ಬಿಟ್ಟು ಉಳಿದೆಡೆಗಳಲ್ಲಿ ಬೇಸಗೆಯ ಕಾಲಕ್ಕೆ ಕರಿಯ ಕೋಟು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮಗಳೇ ಹೇಳುವುವು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ, ದೃಶ್ಯಯಂತ್ರದ ಮೂಲಕ ವಿಚಾರಣೆ ನಡೆದಾಗ, ಸರ್ವೋಚ್ಚ ನ್ಯಾಯಾಲಯವೇ ಕೋಟನ್ನೂ ಗೌನನ್ನೂ ಬಿಟ್ಟು ಬಿಳಿಯ ಉಡುಪೂ ಬಿಳಿಯ ಕೊರಳಪಟ್ಟಿಯೂ ಸಾಕೆಂದಿತು. ಅದರಿಂದ ನ್ಯಾಯದ ತೂಕ ತಗ್ಗಲಿಲ್ಲ. ಆದರೂ ಕರಿಯ ಕೋಟಿನ ಪರವಾಗಿ ಹೇಳಬಹುದಾದ ಮಾತೊಂದಿದೆ. ನ್ಯಾಯಾಲಯದ ಅಂಗಳದಲ್ಲಿ ದಿಕ್ಕುತೋಚದೆ ನಿಂತ ಹಳ್ಳಿಗನಿಗೆ ವಕೀಲರು ಯಾರೆಂದು ಅದು ಒಡನೆಯೇ ತೋರಿಸುವುದು. ಸಿರಿವಂತ ವಕೀಲನನ್ನೂ ಬಡ ವಕೀಲನನ್ನೂ ನ್ಯಾಯಪೀಠದ ಮುಂದೆ ಒಂದೇ ಬಣ್ಣದಲ್ಲಿ ನಿಲ್ಲಿಸುವುದು. ಸಮವಸ್ತ್ರಕ್ಕೆ ಇರುವ ನಿಜವಾದ ಸಮರ್ಥನೆ ಇದೇ: ಅದು ಗುರುತು ಕೊಡಬೇಕು, ಮತ್ತು ಅಂತರವನ್ನು ಅಳಿಸಬೇಕು.

ಮೂರನೆಯದು ಖರ್ಚಿನ ಮಾತು. ನಿಯಮ ಮಾಡುವವರು ಸಾಮಾನ್ಯವಾಗಿ ಹೆಚ್ಚು ಸಂಬಳದವರು. ಪಾಲಿಸುವವರು ಕಡಿಮೆ ಸಂಬಳದವರು. ಮನೆತನದಲ್ಲೇ ಮೊದಲಿಗನಾಗಿ ಕಚೇರಿಯ ಕೆಲಸಕ್ಕೆ ಸೇರಿದ ತರುಣನೊಬ್ಬನನ್ನು ಭಾವಿಸಬಹುದು. ಅವನಲ್ಲಿ ಎರಡು ಷರ್ಟುಗಳಿವೆ. ಒಂದನ್ನು ರಾತ್ರಿ ಒಗೆದು ಒಣಗಹಾಕಿ ಇನ್ನೊಂದನ್ನು ಬೆಳಗ್ಗೆ ತೊಡುವನು. ಚರ್ಮದ ಬೂಟು ಕಡ್ಡಾಯವೆಂದು ಆಜ್ಞೆಯಾದರೆ ಅವನ ಮೊದಲ ತಿಂಗಳ ಸಂಬಳದಲ್ಲಿ ತಾಯಿಯ ಔಷಧಕ್ಕೆ ಕೊರತೆ ಬೀಳುವುದು. ಶುಭ್ರತೆಯನ್ನು ಕೇಳುವುದು ನ್ಯಾಯ, ಏಕೆಂದರೆ ಅದು ನೀರಿಗೂ ಸೋಪಿಗೂ ದುಡಿಮೆಗೂ ಸಿಕ್ಕುವುದು. ಬೆಲೆಯನ್ನು ಕೇಳುವುದು ಅನ್ಯಾಯ. ಸಂಸ್ಥೆಯು ಒಂದು ನಿರ್ದಿಷ್ಟ ವಸ್ತುವನ್ನೇ ಬಯಸುವುದಾದರೆ ಅದರ ವೆಚ್ಚವನ್ನು ತಾನೇ ಹೊರಬೇಕು. ಜವಾನನಿಗೂ ದಫೇದಾರನಿಗೂ ಸರ್ಕಾರವೇ ಸಮವಸ್ತ್ರ ಕೊಡುವ ಪದ್ಧತಿಯಲ್ಲಿ ಈ ನ್ಯಾಯವುಂಟು. ಆದರೆ ಅಲ್ಲಿಯೂ ಒಂದು ಸಂಗತಿ ಯೋಚಿಸತಕ್ಕದ್ದು: ಕಚೇರಿಯಲ್ಲಿ ಡವಾಲಿ ಧರಿಸಬೇಕಾದವನು ಅವನೊಬ್ಬನೇ. ಬಂದವರಿಗೆ ಗುರುತು ಸಿಗಲೆಂಬುದೇ ಉದ್ದೇಶವಾದರೆ, ಸಾಹೇಬನ ಗುರುತೂ ಸಿಗುವುದು ಬೇಡವೇ?

ನಾಲ್ಕನೆಯದಾಗಿ, ಹೆಂಗಸರ ವಿಷಯ. ಗಂಡಸರ ಉಡುಪಿನ ಮೇಲೆ ಒಂದು ನಿಯಮವಿದ್ದರೆ ಹೆಂಗಸರ ಉಡುಪಿನ ಮೇಲೆ ಹತ್ತಿರುವುವು. ಅವುಗಳಲ್ಲಿ ಒಂಬತ್ತನ್ನು ಬರೆದಿಟ್ಟಿರುವುದಿಲ್ಲ. ಗಂಡಸು ಪಂಚೆಯನ್ನು ಬಿಟ್ಟು ಷರಾಯಿಗೆ ಬಂದಾಗ ಸಂಸ್ಕೃತಿ ಕೆಟ್ಟಿತೆಂದು ಕೂಗು ಏಳಲಿಲ್ಲ. ಉಪಾಧ್ಯಾಯಿನಿ ಸೀರೆಯನ್ನು ಬಿಟ್ಟು ಚೂಡಿದಾರಕ್ಕೆ ಬಂದಾಗ ಎದ್ದಿತು. ಸೀರೆಯೇ ಉಡಬೇಕೆಂಬ ನಿರ್ಬಂಧ ಕೂಡದೆಂದು ೨೦೨೧ರಲ್ಲಿಯೂ ಕೇರಳ ಸರ್ಕಾರವು ವಿದ್ಯಾಸಂಸ್ಥೆಗಳಿಗೆ ತಿಳಿಸಬೇಕಾಯಿತು. ಬಸ್ಸಿನಲ್ಲಿ ನಿಂತು ಇಪ್ಪತ್ತು ಮೈಲಿ ಬಂದು ದಿನವಿಡೀ ದುಡಿಯುವವಳಿಗೆ ಯಾವುದು ಅನುಕೂಲವೆಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಇದು ಈ ದೇಶದ ರೋಗ ಮಾತ್ರವೆಂದು ತಿಳಿಯಬಾರದು. ಕಚೇರಿಯಲ್ಲಿ ಹೆಂಗಸರು ಎತ್ತರದ ಹಿಮ್ಮಡಿಯ ಬೂಟನ್ನೇ ಮೆಟ್ಟಬೇಕೆಂಬ ಒತ್ತಾಯದ ವಿರುದ್ಧ ಬಂದ ಮನವಿಯನ್ನು ೨೦೧೭ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಚರ್ಚಿಸಿತು. ೨೦೧೯ರಲ್ಲಿ ಜಪಾನಿನಲ್ಲಿಯೂ ಅಂತಹುದೇ ಚಳವಳಿ ನಡೆಯಿತು. ಹೆಂಗಸಿನ ಉಡುಪಿನಿಂದ ಗಂಡಸಿನ ಚಿತ್ತ ಚಂಚಲವಾಗುವುದೆಂಬ ಹಳೆಯ ವಾದವೂ ಒಂದುಂಟು. ಕಣ್ಣು ಯಾರದೋ ಅದರ ನಿಗ್ರಹವೂ ಅವರದೇ ಎಂಬುದು ಅದಕ್ಕೆ ತಕ್ಕ ಉತ್ತರ.

ಐದನೆಯದು ಅಂತಃಕರಣದ ಪ್ರಶ್ನೆ. ಕೆಲವರಿಗೆ ಒಂದು ವಸ್ತ್ರವು ಅಲಂಕಾರವಾಗಿರದೆ ವ್ರತವಾಗಿರುವುದು. ಕೆನಡಾ ದೇಶದ ಪ್ರಸಿದ್ಧ ಅಶ್ವಾರೋಹಿ ಪೋಲೀಸು ಪಡೆಯ ಟೊಪ್ಪಿಗೆ ಆ ದೇಶದ ಲಾಂಛನದಂತೆಯೇ ಇದ್ದಿತು. ೧೯೯೦ರಲ್ಲಿ ಆ ಪಡೆಯ ಸಿಖ್ಖರು ಟೊಪ್ಪಿಗೆಗೆ ಬದಲಾಗಿ ಪಗಡಿಯನ್ನು ಧರಿಸಬಹುದೆಂದು ಸರ್ಕಾರ ಒಪ್ಪಿತು. ವಿರೋಧ ಬಲವಾಗಿಯೇ ಇದ್ದಿತು. ಪಡೆಯ ಕೆಲಸಕ್ಕೆ ಅದರಿಂದ ಕುಂದುಬರಲಿಲ್ಲ. ಕೆಲಸಕ್ಕಾಗಲಿ, ಪರರ ಸುರಕ್ಷತೆಗಾಗಲಿ ನಿಜವಾದ ಬಾಧೆಯಿಲ್ಲದ ಕಡೆಗಳಲ್ಲಿ, ಒಬ್ಬನ ವ್ರತವನ್ನು ಮುರಿಸಿ ಪಡೆಯುವ ಏಕರೂಪತೆಯು ಬಹಳ ದುಬಾರಿಯಾದ ಸರಕು. ಬಾಧೆಯಿರುವ ಕಡೆಯಲ್ಲಿ ಅದನ್ನು ತೋರಿಸಿಕೊಡುವ ಹೊಣೆಯು ನಿಯಮ ಮಾಡುವವನ ಮೇಲಿರುವುದು.

ಇಷ್ಟೆಲ್ಲ ಹೇಳಿದ ಮೇಲೆ, ನಿಯಮಗಳನ್ನೆಲ್ಲ ಸುಟ್ಟುಹಾಕಿ ಎಲ್ಲವನ್ನೂ ವಿವೇಕಕ್ಕೆ ಬಿಡಬಹುದಲ್ಲವೇ ಎಂಬ ಪ್ರಶ್ನೆ ಬರುವುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಕಾವ್ಯದ ಜೀವಿತವೇ ಔಚಿತ್ಯವೆಂದನು. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಯಾರು ತಾನೆ ನಗುವುದಿಲ್ಲವೆಂಬ ಅರ್ಥದ ದೃಷ್ಟಾಂತವನ್ನೂ ಕೊಟ್ಟನು. ಒಡವೆಗಳಲ್ಲಿ ದೋಷವಿಲ್ಲ; ಎಡೆ ತಪ್ಪಿದುದೇ ದೋಷ. ಈ ಔಚಿತ್ಯಜ್ಞಾನವನ್ನು ಯಾವ ಪಟ್ಟಿಯೂ ಪೂರ್ಣವಾಗಿ ಕೊಡಲಾರದು. ಆದರೆ ಬರೆಯದ ನಿಯಮಕ್ಕೆ ಒಂದು ಕ್ರೂರತೆಯುಂಟೆಂಬುದನ್ನು ಮರೆಯಕೂಡದು. ಅದು ಅಂತಹ ಮನೆಗಳಲ್ಲೇ ಬೆಳೆದವರಿಗೆ ಹುಟ್ಟಿನಿಂದಲೇ ತಿಳಿದಿರುವುದು. ಹೊಸಬನಿಗೆ ಮಾತ್ರ ಅದು ತಿಳಿಯುವುದು ನಾಲ್ವರ ನಗೆಯ ಮೂಲಕ. ಆದ್ದರಿಂದ ನಿಯಮಗಳು ಕೆಲವೇ ಇರಲಿ, ಆದರೆ ಸ್ಪಷ್ಟವಾಗಿರಲಿ. ಪ್ರತಿಯೊಂದಕ್ಕೂ ಹೇಳಬಹುದಾದ ಕಾರಣವಿರಲಿ. ಕಾರಣ ಹೇಳಲಾರದ ನಿಯಮವನ್ನು ತೆಗೆದುಬಿಡಲಿ. ಹೊಸಬನು ತಪ್ಪಿದಾಗ ಹಿರಿಯನಾದವನು ಅವನನ್ನು ಬದಿಗೆ ಕರೆದು, 'ನೋಡಪ್ಪ, ಇಲ್ಲಿಯ ರೂಢಿ ಹೀಗಿದೆ' ಎಂದು ಮೆಲ್ಲನೆ ತಿಳಿಸಲಿ. ಎಲ್ಲರೆದುರಿಗೆ ಆಡಿದ ಅದೇ ಮಾತು ಅವನ ಮನಸ್ಸಿನಲ್ಲಿ ಮೂವತ್ತು ವರ್ಷ ಉಳಿಯಬಹುದು.

ಆಜ್ಞೆಗಳ ಮಾತು ಹಾಗಿರಲಿ; ಪ್ರತಿದಿನ ಬೆಳಗ್ಗೆ ಪೆಟ್ಟಿಗೆಯ ಮುಂದೆ ನಿಂತ ನೌಕರನಿಗೆ ತೀರ್ಮಾನವು ತನ್ನದೇ. ಅವನು ಅಥವಾ ಅವಳು ಕೇಳಿಕೊಳ್ಳಬೇಕಾದುದು ಇಷ್ಟೆ: ಇಂದು ತನ್ನೆದುರಿಗೆ ಬರುವವರು ಯಾರು? ಹೊಳೆಯ ನೀರಿಗೆ ಬೆಳೆ ಕೊಚ್ಚಿಹೋದವರ ಊರಿಗೆ ಪಂಚನಾಮೆಗೆ ಹೋಗಬೇಕಾದ ದಿನ, ಕೆಸರಿಗೆ ಅಂಜುವ ಉಡುಪು ಉಚಿತವಲ್ಲ. ಗದ್ದೆಗೆ ಇಳಿಯಲಾರದವನು ಬದುವಿನ ಮೇಲಿಂದ ನಷ್ಟವನ್ನು ಅಂದಾಜು ಮಾಡುವನು. ಕಚೇರಿಯಲ್ಲಿ ಅಹವಾಲು ಕೇಳುವ ದಿನ, ಮಲಗಿ ಎದ್ದುಬಂದಂತಿರುವ ಉಡುಪು ಉಚಿತವಲ್ಲ. ಏಕೆಂದರೆ ಅಂದು ಹಳ್ಳಿಯಿಂದ ಬರುವವನ ಸಿದ್ಧತೆಯನ್ನು ಗಮನಿಸಬೇಕು. ಹೊಲದಲ್ಲಿ ಉಡುವ ಬಟ್ಟೆಯಲ್ಲಿ ಅವನು ಬರುವುದಿಲ್ಲ. ಜಾತ್ರೆಗೂ ಮದುವೆಗೂ ಎಂದು ಮಡಿಸಿಟ್ಟಿದ್ದ ಪಂಚೆಯನ್ನು ತೆಗೆದು, ಹೆಂಡತಿ ಒಗೆದುಕೊಟ್ಟ ಅಂಗಿಯನ್ನು ತೊಟ್ಟು, ಹೆಗಲಿಗೆ ವಲ್ಲಿಯನ್ನು ಹಾಕಿಕೊಂಡು ಅವನು ಬರುವನು. ಕಚೇರಿಯನ್ನು ಅವನು ದೇವಸ್ಥಾನದಷ್ಟು ಗೌರವಿಸಿ ಬಂದಿರುವನು. ಅವನ ಗೌರವಕ್ಕೆ ಸರಿಯಾಗಿ ಉಟ್ಟು ಕುಳಿತಿರುವುದು ಒಳಗಿನವನ ಕರ್ತವ್ಯ. ಅವನನ್ನು ಕುಗ್ಗಿಸುವಷ್ಟು ಉಟ್ಟು ಕುಳಿತಿರುವುದು ಅಪಚಾರ.

ಗಾದೆಯು ಹೇಳುವ 'ಪರರು' ಕಚೇರಿಯ ಮಟ್ಟಿಗೆ ಇವನೇ. ಮೇಲಧಿಕಾರಿಯ ಕಣ್ಣಿಗೂ ಸಹೋದ್ಯೋಗಿಗಳ ಕಣ್ಣಿಗೂ ಒಪ್ಪುವಂತೆ ಉಡುವುದು ಲೋಕರೂಢಿ. ಅದನ್ನು ಮೀರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಆ ಇಬ್ಬರಿಗೂ ಅವರವರ ಸಂಬಳವುಂಟು, ಕುಳಿತುಕೊಳ್ಳಲು ಕುರ್ಚಿಯುಂಟು. ಬೆಂಚಿನ ಮೇಲೆ ಕಾದಿರುವವನಿಗೆ ತನ್ನ ಸರದಿಯ ಹೊರತು ಬೇರೇನೂ ಇಲ್ಲ. ಅವನು ಒಳಗೆ ಬಂದಾಗ, ಮೇಜಿನ ಆಚೆಗೆ ಕುಳಿತಿರುವವರು ತನಗಾಗಿಯೇ ಅಣಿಯಾಗಿ ಬಂದಿರುವರೆಂದು ಅವನ ಮನಸ್ಸಿಗೆ ತೋರಿ, ಮುದುಡಿದ್ದ ಅರ್ಜಿಯನ್ನು ಬಿಡಿಸಿ ಹೆದರದೆ ಮಾತನಾಡುವಂತಾದರೆ, ಉಟ್ಟಿರುವುದು ಕೋಟಾಗಲಿ ಪಂಚೆಯಾಗಲಿ ಸೀರೆಯಾಗಲಿ ಚೂಡಿದಾರವಾಗಲಿ, ಅದು ಕಚೇರಿಗೆ ಉಚಿತವಾದ ಉಡುಪೆಂದು ನಿಶ್ಚಯಿಸಬಹುದು.